ಚುಕ್ಕೆ ಹೋದ ಗಿಡ

ಬಾಟಲಿಯಲ್ಲಿ ಹೂಗಿಡ ಬೆಳೆಸುವ ಲ್ಯಾಬಿನಲ್ಲಿ ಕೆಲಸಕ್ಕಿದ್ದ ಅವನಿಗೆ ಬೀದಿಯವರು ಇಟ್ಟ ಹೆಸರು ಕೈತೊಳೆಯಪ್ಪ. ಗಿಡ ಮುಟ್ಟುವ ಮೊದಲೂ ಕೈ ತೊಳೆಯುತ್ತಿದ್ದ, ಮುಟ್ಟಿದ ಮೇಲೂ ತೊಳೆಯುತ್ತಿದ್ದ. ಯಾರಾದರೂ ಗಿಡದ ಮಾತೆತ್ತಿದರೆ ಸಾಕು, ನಲ್ಲಿಯ ಕಡೆ ನೋಡುತ್ತಿದ್ದ.

ಆ ಬೆಳಗ್ಗೆ ಅವನ ಕೈಯಲ್ಲೊಂದು ಕುಂಡವಿತ್ತು, ಎದೆಯಲ್ಲಿ ಹಳೆಯ ಋಣವಿತ್ತು. ಅಮ್ಮ ಹಾಸಿಗೆ ಹಿಡಿದ ಕಾಲದಲ್ಲಿ ಅವನಿಗೆ ಉಣ್ಣಲಿಕ್ಕಿ, ತಲೆ ಬಾಚಿ, ಬೆನ್ನಿಗೆರಡು ಬಿಟ್ಟು ಶಾಲೆಗೆ ಅಟ್ಟಿದವಳು ಪಕ್ಕದ ಮನೆಯ ದೊಡ್ಡಮ್ಮ. ಅವಳ ಬಾಗಿಲ ಬಳಿಯ ಗಿಡದ ಎಲೆ ತುಂಬ ಹಳದಿ ಚುಕ್ಕೆ. ಅದು ವೈರಸ್ ಎಂದು ಗೊತ್ತಾದಾಗ ಅವನಿಗೆ ಅನ್ನ ಸೇರಲಿಲ್ಲ. ಅದರಲ್ಲೇ ರೋಗ ತಗುಲದ ಚಿಗುರಿನ ತುದಿಯನ್ನು, ಸಾಸಿವೆಗಿಂತ ಸಣ್ಣದನ್ನು, ಯಾರಿಗೂ ಹೇಳದೆ ಲ್ಯಾಬಿನಲ್ಲಿ ಕತ್ತರಿಸಿ ಬಾಟಲಿಗಿಟ್ಟು, ವರ್ಷವಿಡೀ ಕೂಸಿನಂತೆ ಸಾಕಿದ್ದ. ಈಗ ಕೈಯ ಕುಂಡದಲ್ಲಿ ಅದು ಹಸಿರೆಂದರೆ ಹಸಿರು, ಒಂದೇ ಒಂದು ಚುಕ್ಕೆಯಿಲ್ಲ.

ದೊಡ್ಡಮ್ಮ ಕಣ್ಣು ತೋರಿಸಲು ಆಸ್ಪತ್ರೆಗೆ ಹೋಗಿದ್ದಳು. ಇದೇ ಸಮಯವೆಂದು ಅವನು ಹಳೆಯ ಗಿಡವನ್ನು ಬುಡಸಮೇತ ಕಿತ್ತು ಬೆಂಕಿಗೆ ಹಾಕಿ, ಆ ಜಾಗದಲ್ಲಿ ಹೊಸ ಕುಂಡವಿಟ್ಟ.

ಎದುರುಮನೆ ಟೈಲರ್ ಕತ್ತರಿ ಹಿಡಿದೇ ಓಡಿಬಂದ. "ಅಯ್ಯೋ, ನಂಗಾದ್ರೂ ಕೊಡಬಾರದಿತ್ತೇನಯ್ಯಾ?"

"ರೋಗದ ಗಿಡ! ಬಿಳಿನೊಣ ಕೂತೆದ್ರೆ ಬೀದಿಗೆಲ್ಲ ಹರಡುತ್ತೆ!"

"ಬೀದಿಗೆಲ್ಲ ಹರಡಿ ಆಗಿದೆಯಲ್ಲಪ್ಪ. ನರ್ಸಮ್ಮನ ಮನೇಲಿ ನೋಡು."

ನೋಡಿದರೆ ದೊಡ್ಡಮ್ಮನ ಗಿಡದಿಂದ ಕಡ್ಡಿ ಮುರಿಯದ ಕೈ ಆ ಬೀದಿಯಲ್ಲಿ ಒಂದೂ ಇರಲಿಲ್ಲ. ಕೈತೊಳೆಯಪ್ಪ ಮನೆಮನೆಗೂ ನುಗ್ಗಿದ, ಕಿತ್ತ, ಸುಟ್ಟ, ಕೈ ತೊಳೆದ.

"ಇಷ್ಟು ವರ್ಷ ಎಂಥೆಂಥಾ ರೋಗ ನೋಡಿದೀನಿ," ನರ್ಸಮ್ಮ ಖಾಲಿ ಕುಂಡ ಹಿಡಿದು ಕಿರುಚಿದಳು. "ರೋಗಿಯನ್ನೇ ಸುಡೋ ಡಾಕ್ಟರನ್ನ ಇವತ್ತೇ ನೋಡಿದ್ದು!"

ಮಧ್ಯಾಹ್ನ ದೊಡ್ಡಮ್ಮ ಬಂದಳು. ಬಾಗಿ ಹೊಸ ಗಿಡದ ಎಲೆ ಸವರಿದಳು. "ಕಣ್ಣಿಗೆ ಹನಿ ಹಾಕಿದಾರೆ ಕಣೋ. ಎಲ್ಲಾ ಮಂಜುಮಂಜು. ಚುಕ್ಕೇನೇ ಕಾಣ್ತಿಲ್ಲ."

"ಚುಕ್ಕೇನೇ ಇಲ್ಲ ದೊಡ್ಡಮ್ಮ! ವರ್ಷವಿಡೀ ಲ್ಯಾಬಲ್ಲಿ ಸಾಕಿ ವಾಸಿಮಾಡಿದೀನಿ!"

ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. "ನಿಮ್ಮ ದೊಡ್ಡಪ್ಪ ಆ ಚುಕ್ಕೆ ನೋಡಿಯೇ ಅದನ್ನ ತಂದಿದ್ದು ಕಣೋ. ನನ್ನ ಮುಖ ನೋಡಿ, 'ನಿನ್ನ ಮಚ್ಚೆ ಥರಾನೇ ಇದೆ, ನಿನ್ನ ತಂಗಿ ಇವಳು' ಅಂತಿದ್ರು. ಅವರ ನೆನಪಿಗೆ ಅಂತ ಇದ್ದಿದ್ದು ಅದೊಂದೇ."

ಕೈತೊಳೆಯಪ್ಪ ಲ್ಯಾಬಿನ ಮೇಡಮ್ಮಿಗೆ ಫೋನ್ ಮಾಡಿದ.

"ಆ ಗಿಡಕ್ಕೆ ಅಂದ ಬರೋದೇ ಆ ವೈರಸ್ಸಿಂದ ಕಣ್ರೀ," ಮೇಡಂ ನಕ್ಕುಬಿಟ್ಟರು. "ಅದರಿಂದ ಗಿಡವೇನೂ ಸಾಯಲ್ಲ. ಚುಕ್ಕೆ ಬೇಕಂದ್ರೆ ಚುಕ್ಕೆ ಇರೋ ಕಡ್ಡಿ ತಂದು ಕಸಿ ಕಟ್ಟಿ, ರೋಗ ಇದಕ್ಕೂ ಇಳಿಯುತ್ತೆ."

ತರುವುದೆಲ್ಲಿಂದ? ಬೀದಿಗೆ ಬೀದಿಯನ್ನೇ ಬೂದಿ ಮಾಡಿದ್ದ.

ಎದುರಿನಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದ ಟೈಲರ್ ಕೆಮ್ಮಿದ. ಅಂಗಡಿಗೆ ಹೋಗಿ, ಹೊಲಿಗೆ ಯಂತ್ರದ ಮುಚ್ಚಳದಡಿಯಿಂದ ನೀರಿನ ಲೋಟವೊಂದನ್ನು ತಂದ. ಅದರಲ್ಲೊಂದು ಚುಕ್ಕೆ ಎಲೆಯ ಕಡ್ಡಿ. "ನೀನು ಬರೋದು ನೋಡಿ ಬಚ್ಚಿಟ್ಟೆ. ಬೇಕಾದ್ರೆ ಬೈಕೋ."

ಬೈಯುವುದಿರಲಿ, ಕೈತೊಳೆಯಪ್ಪ ಅವನನ್ನು ತಬ್ಬಿಕೊಂಡು ಅತ್ತೇಬಿಟ್ಟ. ಯಾವ ಕಳ್ಳನಿಗೂ ಅವನು ಇಷ್ಟು ಋಣಿಯಾಗಿರಲಿಲ್ಲ.

"ನನಗೋಸ್ಕರ ವರ್ಷವಿಡೀ ಒದ್ದಾಡಿದೀಯ ಮಗಾ, ಅದನ್ನ ಮರೀತೀನಾ?" ದೊಡ್ಡಮ್ಮ ಅವನ ತಲೆ ಸವರಿದಳು. "ಈಗ ಹೇಗಿತ್ತೋ ಹಾಗೆ ಮಾಡ್ಕೊಡು."

ಹಿಂದೆಯೇ ನರ್ಸಮ್ಮ ಖಾಲಿ ಕುಂಡ ಮುಂದೆ ಹಿಡಿದಳು. "ನಮಗೂ ಒಂದು. ರೋಗ ಹತ್ತಿಸಿಯೇ ಕೊಡಬೇಕು, ಹೇಳಿದೀನಿ." ಅವಳ ಹಿಂದೆ ಬೀದಿಯ ಖಾಲಿ ಕುಂಡಗಳೆಲ್ಲ ಸಾಲುಗಟ್ಟಿದ್ದವು.

ಕೈತೊಳೆಯಪ್ಪ ಕಣ್ಣೊರೆಸಿಕೊಂಡು ಬ್ಲೇಡು ತೆಗೆದ. ರೂಢಿಬಲ, ಕಾಲು ತಾನಾಗಿ ನಲ್ಲಿಯ ಕಡೆ ಹೊರಟಿತು.

ದೊಡ್ಡಮ್ಮ ಗಬಕ್ಕನೆ ಅವನ ಮುಂಗೈ ಹಿಡಿದಳು. "ತೊಳೀಬೇಡ್ವೋ! ಇರೋ ಒಂಚೂರು ರೋಗಾನೂ ಹೋಗ್ಬಿಟ್ಟೀತು!"