ಚೆಲುವಯ್ಯನ ಅಂಬಾಸಡರ್ ಉಳಿದ ಬಗೆ

ಬಾಮೈದ ಶಶಿ ಶ್ರೀರಂಗಪಟ್ಟಣದಿಂದ ಹೊಸ ಸೆಡಾನ್ ಕಾರು ತಂದು ಮನೆ ಮುಂದೆ ನಿಲ್ಲಿಸಿದ್ದೇ ಚೆಲುವಯ್ಯನಿಗೆ ಗ್ರಹಚಾರ ಶುರುವಾಯಿತು. ಪಕ್ಕದಲ್ಲೇ ಅವನ ಅಪ್ಪನ ಕಾಲದ ಅಂಬಾಸಡರ್ ನಿಂತಿತ್ತು. ಚಿನಕುರಳಿಯ ಜನ ಹೆಣ್ಣು ನೋಡಲು ಬಂದವರಂತೆ ಎರಡನ್ನೂ ಸುತ್ತಿ ಸುತ್ತಿ ಹೋಲಿಸತೊಡಗಿದರು.

“ಇದ್ರ ಬಾಗ್ಲು ಮುಚ್ಚಿದ್ರೆ ಸದ್ದೇ ಇಲ್ಲ. ನಿಂದು ಮುಚ್ಚಿದ್ರೆ ಪಾಂಡವಪುರಕ್ಕೇ ಕೇಳ್ತದೆ ಕಣ್ಲಾ!” ಎಂದ ಪಕ್ಕದ ಮನೆಯ ಸೋಮಯ್ಯ.

ಹೆಂಡತಿ ಸಿದ್ದಲಿಂಗಮ್ಮ ಅಲ್ಲೇ ತೀರ್ಪು ಕೊಟ್ಟಳು. “ಇವತ್ತು ದೇವಲಾಪುರದ ಬೀಗರೂಟಕ್ಕೆ ಎರಡೂ ಕಾರು ಓಗ್ಲಿ. ನಿಮ್ದು ದಾರೀಲಿ ಕೆಟ್ಟು ನಿಂತ್ರೆ ಸಂಜೀಕೆ ಗುಜರಿಯವನಿಗೆ ಕೊಟ್ಬುಡೋದೇಯ.”

ಚೆಲುವಯ್ಯ ಹೆಂಡತಿಯನ್ನೇ ದಿಟ್ಟಿಸಿ ನೋಡಿದ. ಮದುವಣಗಿತ್ತಿಯಾಗಿ ಇದೇ ಕಾರಿನಲ್ಲಿ ಬಂದಿಳಿದವಳು ಇವಳೇನಾ? ಅವಳಾಗಲೇ ತಮ್ಮನ ಎ.ಸಿ. ಕಾರು ಹತ್ತಿದ್ದಳು. ಸೋಮಯ್ಯ ಅವಳಿಗಿಂತ ಮೊದಲೇ ಹತ್ತಿ ಕೂತಿದ್ದ.

ಸೆಡಾನ್ ಕಣ್ಮರೆಯಾಯಿತು. ಅಂಬಾಸಡರ್ ಗೊಣಗುತ್ತ, ಕೆಮ್ಮುತ್ತ ಹಿಂದೆ ಬಿತ್ತು. “ಇವತ್ತೊಂದಿನ ಮಾನ ಉಳ್ಸು ಕಣಪ್ಪ” ಎಂದು ಚೆಲುವಯ್ಯ ಸ್ಟೇರಿಂಗು ಸವರಿದ.

ದೇವಲಾಪುರ ಇನ್ನೇನು ಬಂತು ಎನ್ನುವಾಗ ಟಾರು ರಸ್ತೆಯ ಮೇಲೆ ಉದ್ದಕ್ಕೂ ಹುರುಳಿ ಹರಡಿತ್ತು. ಕಣ ಮಾಡುವ ಗೋಜೇಕೆ, ಓಡಾಡುವ ಗಾಡಿಗಳೇ ತುಳಿದು ಕಾಳು ಉದುರಿಸಲಿ ಎಂಬುದು ಆ ಕಡೆಯ ರೈತರ ವಾಡಿಕೆ. ಆ ಹುರುಳಿಯ ನಟ್ಟನಡುವೆ ಸೆಡಾನ್ ಕೆಟ್ಟು ನಿಂತಿತ್ತು! ಅಡಿಯಿಂದ ಹೊಗೆ ಬರುತ್ತಿತ್ತು. ಸಿದ್ದಲಿಂಗಮ್ಮ ರೇಷ್ಮೆ ಸೀರೆ ಎತ್ತಿ ಹಿಡಿದು ಬಿಸಿಲಲ್ಲಿ ಬೇಯುತ್ತಿದ್ದಳು. ಸೋಮಯ್ಯ ಟವೆಲ್ಲು ಬೀಸಿ ಹೊಗೆ ಆರಿಸುತ್ತಿದ್ದ.

“ಕಾರು ತಗ್ಗು ಭಾವ, ಒಟ್ಟೆಗೆಲ್ಲಾ ಉರ್ಳಿ ಬಳ್ಳಿ ಸುತ್ಕಂಬುಡ್ತು!” ಶಶಿ ಅಳುವುದೊಂದು ಬಾಕಿ.

ಚೆಲುವಯ್ಯ ನಗು ತಡೆದುಕೊಂಡು ಅಂಬಾಸಡರನ್ನು ಹುರುಳಿಯ ಮೇಲೇ ನಡೆಸಿದ. ಎಂಜಿನ್ನು ಆರಿಸದೆಯೇ ಹಗ್ಗ ಕಟ್ಟಿ ಸೆಡಾನನ್ನು ಆಚೆಗೆಳೆದ.

ಹುರುಳಿಯ ಒಡತಿ ಪುಟ್ಟಗೌರಮ್ಮ ಹೊಲದಿಂದ ಓಡಿಬಂದಳು. ಬೈಗುಳ ಬಿತ್ತು ಎಂದುಕೊಂಡರೆ, ಅವಳು ಅಂಬಾಸಡರಿನ ಹಿಂದೆ ಬಗ್ಗಿ ಬೊಗಸೆ ತುಂಬ ಕಾಳು ಬಾಚಿಕೊಂಡಳು.

“ಅಯ್ಯಯ್ಯೋ, ಒಂದು ದಪ ಓಗಿದ್ದಕ್ಕೆ ಎಂಗೆ ಉದುರ್ಬುಟ್ಟದೆ ನೋಡ್ರವ್ವಾ! ಒಂದು ಕಾಳೂ ನುಚ್ಚಾಗಿಲ್ಲ!”

ಸಿದ್ದಲಿಂಗಮ್ಮ ಕಣ್ಣರಳಿಸಿದಳು. ಇಬ್ಬರೂ ಅದೇನೋ ಪಿಸುಗುಟ್ಟಿದರು. ಆಮೇಲೆ ಅವಳು ಗಂಡನ ಬಳಿ ಬಂದು, “ನಾ ಸೋತೆ. ಕಾರು ಮಾರೋದು ಬ್ಯಾಡ ಕಣ್ರೀ” ಎಂದಳು.

ಚೆಲುವಯ್ಯನ ಕಣ್ಣು ತುಂಬಿತು. ರಸ್ತೆಯಲ್ಲೇ ಕುಣಿದುಬಿಡೋಣ ಎನ್ನಿಸಿತು.

ಅಷ್ಟರಲ್ಲಿ ಶಶಿ ಬಳ್ಳಿಯನ್ನೆಲ್ಲ ಕಿತ್ತೆಸೆದು ಸೆಡಾನ್ ಶುರು ಮಾಡಿದ. ಸಿದ್ದಲಿಂಗಮ್ಮ ಒಳಗೆ ಕೂತು ಗಾಜು ಇಳಿಸಿದಳು. “ಪುಟ್ಟಗೌರಮ್ಮಂಗೆ ಮಾತು ಕೊಟ್ಟಿವ್ನಿ. ಇದ್ನೆಲ್ಲಾ ಒಕ್ಕಿಕೊಟ್ಬುಟ್ಟು ಬನ್ನಿ. ನಾಳೀಕೆ ನಮ್ಮ ಉರ್ಳಿ, ನಾಳಿದ್ದು ಸೋಮಯ್ಯಣ್ಣಂದು.”

“ಲೇ, ನನ್ನ ಊಟ?” ಚೆಲುವಯ್ಯ ಬೆಚ್ಚಿಬಿದ್ದು ಕೇಳುವಷ್ಟರಲ್ಲಿ ಗಾಜು ಮೇಲೇರಿತ್ತು. ಸೆಡಾನ್ ಸದ್ದಿಲ್ಲದೆ ಬಾಡೂಟದ ಕಡೆ ಹೊರಟುಹೋಯಿತು.

ಪುಟ್ಟಗೌರಮ್ಮ ಅಂಬಾಸಡರಿನ ಮುಂದೆ ಇನ್ನೊಂದು ಹೊರೆ ಹುರುಳಿ ಹರಡಿ, ಅದರ ಬಾನೆಟ್ಟನ್ನು ಎತ್ತಿನ ಬೆನ್ನು ತಟ್ಟುವಂತೆ ತಟ್ಟಿದಳು.

“ಊಂ, ತಿರುಗ್ಸಣ್ಣ.”