ಈಗೇನು ಕೇಳ್ತಾ ಇದೀರಿ?

ಸಂಗೀತ ಕೇಳಿದರೆ ಮನಸ್ಸು ಶಾಂತವಾಗುತ್ತದೆ ಎನ್ನುವವರು ನಮ್ಮ ಶಿಕಾರಿಪುರದ ರಸಿಕರನ್ನು ನೋಡಿಲ್ಲ. ನಾನು ದನದ ಡಾಕ್ಟರು. ಎಪ್ಪತ್ತರ ದಶಕದಲ್ಲಿ ಕೆಲವು ವರ್ಷ ಶಿಕಾರಿಪುರದಲ್ಲಿ, ಆಮೇಲೆ ಸೊರಬದಲ್ಲಿ ಕೆಲಸ ಮಾಡಿದೆ. ಹಾಯುವ ಎತ್ತು, ಒದೆಯುವ ಹಸು ಎಲ್ಲ ನೋಡಿದ್ದೇನೆ. ಆದರೆ ಒಬ್ಬ ಸಂಗೀತಪ್ರೇಮಿ ಇನ್ನೊಬ್ಬನನ್ನು ‘ಈಗೇನು ಕೇಳ್ತಾ ಇದೀರಿ?’ ಎಂದು ಕೇಳಿದಾಗ ಆಗುವಷ್ಟು ಗಾಯ ಯಾವ ಕೊಂಬಿನಿಂದಲೂ ಆಗಿದ್ದು ನೋಡಿಲ್ಲ. ಊರು ಬದಲಾಯಿಸಿದರೂ ಅದು ತಪ್ಪಲಿಲ್ಲ.

ಸಾಹೇಬರ ಬೆಂಚು

ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬ ಸಾಹೇಬರು ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರು. ಅಂಗಡಿ ಮುಂದೆ ಒಂದು ಉದ್ದನೆಯ ಬೆಂಚು. ಸಂಜೆ ಕೋರ್ಟು ಮುಗಿಸಿ ವಕೀಲರು ಬರುತ್ತಿದ್ದರು, ಪಕ್ಕದ ಜವಳಿ ಅಂಗಡಿಯಿಂದ ಸಾಹುಕಾರರು ಬರುತ್ತಿದ್ದರು, ಆಸ್ಪತ್ರೆಗೆ ಬೀಗ ಹಾಕಿ ನಾನೂ ಹೋಗುತ್ತಿದ್ದೆ. ವಕೀಲರ ಮನೆಯಲ್ಲಿ ರೆಕಾರ್ಡ್ ಪ್ಲೇಯರ್ ಇತ್ತು, ಬೇಕಾದ ರಾಗ ಬೇಕಾದಾಗ ಕೇಳಬಹುದಿತ್ತು. ಸಾಹುಕಾರರಿಗೆ ರೇಡಿಯೋ ಕೊಟ್ಟಿದ್ದೇ ಪ್ರಸಾದ.

ಒಂದು ಸಂಜೆ ವಕೀಲರು ಕಣ್ಣು ಅರ್ಧ ಮುಚ್ಚಿಕೊಂಡು ಹೇಳಿದರು: “ನಾನು ಈಗ ಬರೀ ಮಾರ್ವಾ. ಬೇರೆ ಯಾವುದನ್ನೂ ಕಿವಿಗೆ ಹಾಕ್ಕೊಳ್ತಾ ಇಲ್ಲ.”

ಸಾಹುಕಾರರ ಮುಖ ಸಣ್ಣಗಾಯಿತು. ಚಹಾ ಒಂದು ಗುಟುಕು ಕುಡಿದು, “ನಾನು ಪೂರಿಯಾದಾಗ ಇದೀನ್ರಿ” ಎಂದರು.

“ಎರಡಕ್ಕೂ ಸ್ವರ ಒಂದೇ ಅಲ್ವೇನ್ರಿ?”

“ಸ್ವರ ಒಂದೇ ರೀ. ಕಿವಿ ಬ್ಯಾರೆ ಬೇಕಾಗತೈತಿ.”

ವಕೀಲರು ಚಹಾ ಅರ್ಧಕ್ಕೇ ಕೆಳಗಿಟ್ಟರು. ಕೊನೆಗೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿ, “ಡಾಕ್ಟ್ರು ಈಗೇನು ಕೇಳ್ತಾ ಇದೀರಿ?” ಎಂದರು.

ನನಗೆ ಸೋಲಲು ಮನಸ್ಸಿರಲಿಲ್ಲ. “ಈಗ ಏನೂ ಕೇಳ್ತಾ ಇಲ್ಲ. ಹೋದ ವಾರ ಕೇಳಿದ್ದೇ ಕಿವಿಯೊಳಗೆ ಇನ್ನೂ ಮುಗಿದಿಲ್ಲ” ಎಂದೆ.

ಇಬ್ಬರೂ ನನ್ನನ್ನು ದಿಟ್ಟಿಸಿ ನೋಡಿದರು. ಅಂಥಾ ಉತ್ತರ ತಮಗೆ ಹೊಳೆಯಲಿಲ್ಲವಲ್ಲ ಎಂಬ ಸಂಕಟ ಮುಖದಲ್ಲಿ ಕಾಣುತ್ತಿತ್ತು. ಸಾಹುಕಾರರಿಗೆ ತಡೆಯಲಾಗಲಿಲ್ಲ. ಒಳಗೆ ಬಗ್ಗಿ ಸಾಹೇಬರನ್ನು ಮೆಲ್ಲಗೆ ಕೇಳಿದರು: “ಹೋದ ವಾರ ಡಾಕ್ಟ್ರು ಏನ್ ಕೇಳಿದ್ರಂತ್ರಿ?”

ಸಾಹೇಬರು ಕೆಲಸದಿಂದ ತಲೆ ಎತ್ತದೆ ಹೇಳಿದರು: “ನನಗೇನ್ ಗೊತ್ರಿ. ಅವರ ರೇಡಿಯೋ ಒಂದು ತಿಂಗಳಿಂದ ನನ್ನ ಅಂಗಡ್ಯಾಗೇ ಬಿದ್ದೈತಿ.”

ದರ್ಬಾರಿಯ ಒಡೆಯ

ವಕೀಲರು ಆಗಾಗ ಹುಬ್ಬಳ್ಳಿಗೆ ಹೋಗಿ ರೆಕಾರ್ಡು ತರುತ್ತಿದ್ದರು. ತಂದದ್ದನ್ನು ಮೊದಲು ಮನೆಗೆ ಒಯ್ಯುತ್ತಿರಲಿಲ್ಲ. ಬಸ್ಸಿಳಿದವರು ನೇರ ಬೆಂಚಿಗೆ ಬಂದು, ತೊಡೆ ಮೇಲೆ ಇಟ್ಟುಕೊಂಡು ಕೂರುತ್ತಿದ್ದರು. ಮುಟ್ಟಲು ಮಾತ್ರ ಕೊಡುತ್ತಿರಲಿಲ್ಲ. ಬೆವರಿನ ಕೈ ತಾಗಿದರೆ ಕೆಡುತ್ತದಂತೆ.

ಸಾಹುಕಾರರು ಎಷ್ಟು ದಿನ ತಾಳಿಕೊಂಡಾರು. ಸೀರೆ ತರಲು ಹುಬ್ಬಳ್ಳಿಗೆ ಹೋದವರು ತಾವೂ ಒಂದು ರೆಕಾರ್ಡು ಕೊಂಡು ತಂದರು. ವಕೀಲರ ಹತ್ತಿರ ಇಲ್ಲದ ದರ್ಬಾರಿ ರಾಗದ್ದು. ತೊಂದರೆ ಒಂದೇ, ಅದನ್ನು ಹಾಕಲು ಅವರ ಮನೆಯಲ್ಲಿ ಪ್ಲೇಯರ್ ಇರಲಿಲ್ಲ. ವಕೀಲರ ಮನೆಗೆ ಒಯ್ದರೆ ವಕೀಲರೂ ಕೇಳಿಬಿಡುತ್ತಾರೆ. ಪ್ಲೇಯರನ್ನು ಎರವಲು ಕೊಡಲು ವಕೀಲರು ಒಪ್ಪುವವರಲ್ಲ. ಹೀಗಾಗಿ ರೆಕಾರ್ಡು ರೇಷ್ಮೆ ಸೀರೆಗಳ ನಡುವೆ ಬೀರುವಿನಲ್ಲಿ ಕೂತಿತು.

“ಈಗೇನು ಕೇಳ್ತಾ ಇದೀರಿ ಸಾಹುಕಾರ್ರೆ?”

“ದರ್ಬಾರಿ ಐತ್ರಿ.”

“ಹೇಗಿದೆ?”

“ಐತಿ ಅಂದೆ.”

ಹಾಗೇ ಮಳೆಗಾಲ ಕಳೆಯಿತು. ಆಮೇಲೆ ವಕೀಲರ ಪ್ಲೇಯರ್ ನಿಧಾನವಾಗಿ ತಿರುಗತೊಡಗಿ, ರಿಪೇರಿಗೆ ಸಾಹೇಬರ ಅಂಗಡಿಗೆ ಬಂತು. ಸಾಹೇಬರು ಅದನ್ನು ಸರಿ ಮಾಡಿದ ದಿನ ಸಾಹುಕಾರರು ಅಂಗಡಿ ಆಳಿಗೆ ವಹಿಸಿ, ಸೀರೆಯ ಡಬ್ಬದೊಳಗೆ ರೆಕಾರ್ಡು ಇಟ್ಟುಕೊಂಡು ಬಂದರು. “ಹಾಕ್ರಿ, ಟೆಸ್ಟ್ ಮಾಡೂಣು” ಎಂದರು.

ದರ್ಬಾರಿ ಶುರುವಾಯಿತು. ಸಾಹುಕಾರರು ಕಣ್ಣು ಮುಚ್ಚಿದರು. ನಾನು ಬಾಗಿಲ ಬಳಿ ಕೂತಿದ್ದೆ. ಹೊರಗೆ ನೋಡಿದರೆ ರಸ್ತೆಯಲ್ಲಿ ವಕೀಲರು ನಿಂತಿದ್ದಾರೆ. ಒಳಗೆ ಬಂದು ಜಗಳ ಆಡಿದರೆ ಹಾಡು ನಿಲ್ಲುತ್ತದೆ. ಹೊರಟುಹೋದರೆ ಹಾಡು ತಪ್ಪುತ್ತದೆ. ಕಪ್ಪು ಕೋಟಿನಲ್ಲಿ ಬಿಸಿಲಿಗೆ ಬೆವರುತ್ತಾ, ತಮ್ಮದೇ ಪ್ಲೇಯರಿನಲ್ಲಿ ಪರರ ದರ್ಬಾರಿಯನ್ನು ಕೊನೆತನಕ ಕೇಳಿದರು. ಮುಗಿದ ಮೇಲೆ ಒಳಗೆ ಬಂದರು. ಸಾಹುಕಾರರು ಎದ್ದು ನಿಂತರು. ಸಾಹೇಬರು, “ಟೆಸ್ಟಿಂಗ್ ನಡೆದಿತ್ರಿ ವಕೀಲ್ರೆ” ಎಂದರು.

ವಕೀಲರು ಬಹಳ ಗಂಭೀರವಾಗಿ ಹೇಳಿದರು: “ಹಾಗಾದ್ರೆ ಆ ಕಡೆ ಮಗ್ಗುಲೂ ಹಾಕಿ ನೋಡಿ. ಅದರಲ್ಲಿ ಸ್ಪೀಡು ಸರಿ ಇದ್ಯೋ ಇಲ್ವೋ.”

ಒದ್ದೆ ಸೀರೆ

ಸೊರಬಕ್ಕೆ ವರ್ಗವಾದಾಗ ಇದೆಲ್ಲ ಮುಗಿಯಿತು ಅಂದುಕೊಂಡೆ. ಅಲ್ಲಿ ಪಕ್ಕದ ಮನೆಯವರು ಹೈಸ್ಕೂಲಿನ ಹೆಡ್‌ಮಾಸ್ತರು. ಬೆಳಗಿನ ಸಂಗೀತ ಅವರ ರೇಡಿಯೋದಲ್ಲಿ ಗಂಟೆ ಹೊಡೆದ ಹಾಗೆ ಸ್ಪಷ್ಟ. ನನ್ನದರಲ್ಲಿ ಅದೇ ಹಾಡು ಹುರಿಗಡಲೆ ಹುರಿದ ಹಾಗೆ. ನಾನು ಉದ್ದನೆ ಬಿದಿರು ತಂದು ಏರಿಯಲ್ ತಂತಿ ಎತ್ತರಿಸಿದೆ. ಆದರೂ ಹುರಿಗಡಲೆಯೇ. ಗುಟ್ಟೇನು ಎಂದು ಕೇಳಿದರೆ ಹೆಡ್‌ಮಾಸ್ತರು, “ಎಲ್ಲ ಕೇಳೋರ ಸಂಸ್ಕಾರ” ಎಂದು ನಕ್ಕರು. ಆ ದಿನ ನನಗೆ ತಿಂಡಿ ಸೇರಲಿಲ್ಲ.

ಗುಟ್ಟು ಹೊರಬಂದದ್ದು ಬಾವಿಕಟ್ಟೆಯಲ್ಲಿ. ಅವರ ಹೆಂಡತಿ ನನ್ನವಳ ಹತ್ತಿರ ಅಳುತ್ತಾ ಹೇಳಿದರಂತೆ: “ಒಂದು ದಿನ ಗೊತ್ತಾಗದೆ ಏರಿಯಲ್ ತಂತಿ ಮೇಲೆ ಒದ್ದೆ ಸೀರೆ ಹಾಕಿಬಿಟ್ಟೆ ಕಣ್ರೀ. ರೇಡಿಯೋ ಚೆನ್ನಾಗಿ ಕೇಳಿಸ್ತು ಅಂತ ಅವತ್ತಿಂದ ಇವರು ಬೆಳಗ್ಗೆ ಎದ್ದ ಕೂಡ್ಲೆ ನನ್ನ ಸೀರೆ ನೆನೆಸಿ ಹಾಕ್ತಾರೆ. ಉಡೋಕೆ ಒಂದು ಒಣಗಿದ ಸೀರೆ ಇಲ್ಲ.”

ಒದ್ದೆ ಸೀರೆಗೂ ರೇಡಿಯೋ ಸ್ಟೇಷನ್ನಿಗೂ ಏನು ಸಂಬಂಧವೋ ನನಗೆ ಇವತ್ತಿಗೂ ತಿಳಿಯದು. ಆದರೆ ಮರುದಿನ ಬೆಳಗ್ಗೆ ನಾನು ಮೆಲ್ಲಗೆ ಬೀರು ತೆಗೆದಾಗ ಹಿಂದಿನಿಂದ ಹೆಂಡತಿಯ ದನಿ ಬಂತು: “ನಿಮ್ಮ ಪಂಚೆ ಇದೆಯಲ್ಲ, ಅದಕ್ಕೆ ಸಂಗೀತ ಬರಲ್ವೇನು?”

ಎಮ್ಮೆಯ ಯಮನ್

ಸೊರಬದ ಹತ್ತಿರದ ಒಂದು ಹಳ್ಳಿಯಲ್ಲಿ ಒಬ್ಬ ವೃದ್ಧ ಗಾಯಕರಿದ್ದರು. ಒಂದು ಕಾಲಕ್ಕೆ ಪುಣೆ, ಮುಂಬಯಿ ಕಡೆ ಹಾಡಿ ಹೆಸರು ಮಾಡಿದವರು. ಎಲ್ಲ ಬಿಟ್ಟು ತಂಗಿಯ ಮನೆಗೆ ಬಂದು ಒಂದು ಎಮ್ಮೆ ಸಾಕಿಕೊಂಡಿದ್ದರು. ಒಂದು ಬೆಳಗ್ಗೆ ಆ ಎಮ್ಮೆಗೆ ಹೆರಿಗೆ ಕಷ್ಟವಾಗಿ ನನ್ನನ್ನು ಕರೆಸಿದರು. ಕರು ಒಳಗೆ ಅಡ್ಡ ತಿರುಗಿತ್ತು. ನಾನು ಭುಜದವರೆಗೆ ಕೈ ಹಾಕಿ ತಡಕುತ್ತಿದ್ದೆ. ಎಮ್ಮೆ ನಡುಗುತ್ತಿತ್ತು. ಅದರ ತಲೆಯ ಬಳಿ ಕೂತಿದ್ದ ಅವರು ಸಮಾಧಾನಕ್ಕೆಂದು ಮೆಲ್ಲಗೆ ಗುನುಗಿದರು. ಗುನುಗುತ್ತಾ ಗುನುಗುತ್ತಾ ತೋಡಿ ರಾಗ ಬಿಚ್ಚಿಕೊಂಡಿತು. ಎಮ್ಮೆಯೂ ಸುಮ್ಮನಾಯಿತು, ನಾನೂ ಸುಮ್ಮನಾದೆ. ಅಂಥ ತೋಡಿಯನ್ನು ನಾನು ರೇಡಿಯೋದಲ್ಲೂ ಕೇಳಿರಲಿಲ್ಲ.

ಅಷ್ಟರಲ್ಲಿ ಕರುವಿನ ಮುಂಗಾಲು ಕೈಗೆ ಸಿಕ್ಕಿತು. ಎಳೆದರೆ ಹಾಡು ಮುಗಿಯುತ್ತದೆ. ಒಂದು ಕ್ಷಣ ಯೋಚನೆಯಾಯಿತು. ಸರ್ಕಾರದ ಸಂಬಳ ತಿನ್ನುವವನು, ಎಳೆದೆ.

ಮುಂದಿನ ಸಲ ಶಿಕಾರಿಪುರಕ್ಕೆ ಹೋದಾಗ ಬೆಂಚಿನ ಮೇಲೆ ಕೂತು, ಅವರು ಕೇಳುವ ಮೊದಲೇ ಎಲ್ಲ ಹೇಳಿದೆ. ವಕೀಲರ ಚಹಾ ಕೈಯಲ್ಲೇ ಆರಿತು. ಸಾಹುಕಾರರು ಗಿರಾಕಿ ಬಂದರೂ ಏಳಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಇಬ್ಬರೂ ಸೊರಬದಲ್ಲಿ ನನ್ನ ಮನೆ ಬಾಗಿಲಲ್ಲಿ. ಜೊತೆಯಾಗಿ ಹೊರಟವರಲ್ಲ. ವಕೀಲರು ಯಾರಿಗೂ ಹೇಳದೆ ಶಿಕಾರಿಪುರದಲ್ಲಿ ಬಸ್ಸು ಹತ್ತಿದ್ದರು. ಸಾಹುಕಾರರು ಸಂತೆ ನೆಪದಲ್ಲಿ ಶಿರಾಳಕೊಪ್ಪಕ್ಕೆ ಬಂದು ಅಲ್ಲಿ ಅದೇ ಬಸ್ಸು ಹತ್ತಿದ್ದರು. ಸೊರಬದವರೆಗೆ ಇಬ್ಬರೂ ಕಿಟಕಿಯಿಂದ ಆಚೆ ನೋಡುತ್ತಾ ಬಂದರಂತೆ.

ಇಬ್ಬರನ್ನೂ ಆ ಹಳ್ಳಿಗೆ ಕರೆದುಕೊಂಡು ಹೋದೆ. ಗಾಯಕರು ನಮ್ಮನ್ನು ಕೂರಿಸಿ ಮಜ್ಜಿಗೆ ಕೊಟ್ಟರು. ಹಾಡಿ ಎಂದಾಗ ಕೈ ಮುಗಿದರು. “ಜನ ಎದುರಿಗೆ ಕೂತರೆ ಗಂಟಲು ಕಟ್ಟುತ್ತೆ. ಅದಕ್ಕೇ ಬಿಟ್ಟು ಬಂದದ್ದು. ಈಗ ಹಾಡೋದು ಹಾಲು ಕರೆಯೋವಾಗ, ಅವಳಿಗೊಬ್ಬಳಿಗೆ” ಎಂದು ಎಮ್ಮೆಯ ಕಡೆ ಕೈ ತೋರಿಸಿದರು. ವಕೀಲರು ವಾದಿಸಿದರು. ಸಾಹುಕಾರರು ತಂದಿದ್ದ ಶಾಲು ತೆಗೆದರು. ಗಾಯಕರು ಬಗ್ಗಲಿಲ್ಲ.

ನಾವು ಹೊರಟಂತೆ ಮಾಡಿ ಸಂಜೆ ಕೊಟ್ಟಿಗೆಯ ಹಿಂದೆ ಹುಲ್ಲಿನ ಬಣವೆಯ ಮರೆಗೆ ಕೂತೆವು. ಅವರು ಚೊಂಬು ಹಿಡಿದು ಬಂದರು. ಹಾಲಿನ ಸದ್ದಿನ ಜೊತೆ ಯಮನ್ ಎದ್ದಿತು. ವಕೀಲರ ಕಣ್ಣಲ್ಲಿ ನೀರು. ಸಾಹುಕಾರರು ತಮಗೆ ಅರಿವಿಲ್ಲದೆ ವಕೀಲರ ಕೈ ಹಿಡಿದುಕೊಂಡಿದ್ದರು. ಚೊಂಬು ತುಂಬಿತೋ ಏನೋ, ಹಾಡು ನಿಂತಿತು. ಮೂವರೂ ಸೊರಬದ ಬಸ್‌ಸ್ಟ್ಯಾಂಡಿಗೆ ಬಂದೆವು.

ಸಾಹುಕಾರರು ಕೇಳಿದರು: “ಡಾಕ್ಟ್ರೆ, ಆ ಎಮ್ಮಿ ದಿನಾ ಕೇಳತೈತೇನ್ರಿ?”

“ದಿನಾ. ಎರಡು ಹೊತ್ತೂ.”

“ಎದುರಿಗೇ ನಿಂತು” ಎಂದು ವಕೀಲರು ನಿಟ್ಟುಸಿರು ಬಿಟ್ಟರು.

“ಅದಕ್ಕೇನ್ ತಿಳಿತೈತ್ರಿ?”

“ತಿಳಿಯಲ್ಲ ಅನ್ನೋದಕ್ಕೇ ನೋಡಿ ನನಗೆ ಹೊಟ್ಟೆ ಉರಿಯೋದು.”

ಬಸ್ಸು ಬಂತು. ಇಬ್ಬರೂ ಹತ್ತಿ ಒಂದೇ ಸೀಟಿನಲ್ಲಿ ಕೂತರು. ಬಸ್ಸು ಹೊರಡುವಾಗ ವಕೀಲರು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದರು: “ಅದು ದಿನಕ್ಕೆ ಎಷ್ಟು ಹಾಲು ಕೊಡುತ್ತೆ ಡಾಕ್ಟ್ರೆ?”

“ಎರಡು ಹೊತ್ತೂ ಸೇರಿ ಮೂರು ಸೇರು.”

ವಕೀಲರು ಸಾಹುಕಾರರ ಮುಖ ನೋಡಿದರು, ಸಾಹುಕಾರರು ವಕೀಲರ ಮುಖ ನೋಡಿದರು. ಅಷ್ಟು ವರ್ಷದಲ್ಲಿ ಇಬ್ಬರೂ ಒಂದೇ ಮಾತು ಆಡಿದ್ದನ್ನು ನಾನು ಕೇಳಿದ್ದು ಅವತ್ತೇ.

“ಅಂಥಾ ಯಮನ್ ಕೇಳಿ, ಬರೀ ಮೂರು ಸೇರಾ?”