ಮೋಡದ ಕಾಗದದ ಹಿಂದಿನ ಪಸೆ

ಗೋಡೆಯ ಪಸೆಯ ಬಗ್ಗೆ ನನಗಿಂತ ಚೆನ್ನಾಗಿ ಮಾತಾಡುವವರು ದೋಹಾದಲ್ಲಿ ಹೆಚ್ಚು ಜನ ಇರಲಾರರು ಎಂದು ನಂಬಿಕೊಂಡಿದ್ದವನು ನಾನು. ಗೋಡೆ, ತಾರಸಿಗಳಿಗೆ ನೀರು ತಡೆಯುವ ಲೇಪ ಹಚ್ಚುವ ಕಂಪನಿಯೊಂದರಲ್ಲಿ ದೂರುಗಳ ಮೇಜು ನನ್ನದು. ಹನ್ನೊಂದು ವರ್ಷಗಳಲ್ಲಿ ಒಂದೇ ಒಂದು ಗೋಡೆಯನ್ನು ಕೈಯಾರೆ ಮುಟ್ಟಿ ನೋಡಿಲ್ಲ. ಫೋನಿನಲ್ಲಿ ಗೋಳು ಕೇಳುತ್ತೇನೆ, ಕಳಿಸಿದ ಫೋಟೋ ನೋಡುತ್ತೇನೆ, ಫಾರಮ್ಮಿನ ‘ಕಾರಣ’ ಎಂಬ ಜಾಗದಲ್ಲಿ ‘ಕಸ್ಟಮರ್ ಫಾಲ್ಟ್’ ಎಂದು ಬರೆಯುತ್ತೇನೆ. ಅಲ್ಲಿಗೆ ಫೈಲು ಖಲಾಸ್. ಅಕ್ಷರ ಮುತ್ತಿನಂತಿದೆ ಎಂದು ಮ್ಯಾನೇಜರರು ಹೊಗಳಿದ್ದೂ ಉಂಟು.

ಇಂಥ ನನ್ನ ಬಿನ್ ಮಹಮೂದ್ ಬಡಾವಣೆಯ ಫ್ಲ್ಯಾಟಿನಲ್ಲಿ, ಅದೂ ಏಳು ವರ್ಷದ ಮಗಳು ಶ್ರಾವ್ಯ ಮಲಗುವ ಮಂಚದ ಪಕ್ಕದ ಹೊರಗೋಡೆಯಲ್ಲಿ, ಆಗಸ್ಟಿನಲ್ಲಿ ಚಪಾತಿಯಗಲದ ಕಲೆಯೊಂದು ಮೂಡಿತು. ತಜ್ಞನಾದ ನಾನು ಮೇಲಿನ ಮನೆಯ ಬಚ್ಚಲೇ ಕಾರಣವೆಂದು ಕುಳಿತಲ್ಲೇ ತೀರ್ಮಾನಿಸಿದೆ. ಅಲ್ಲಿರುವವರು ನಾಲ್ಕು ಮಂದಿ ಮಲಯಾಳಿ ಬ್ಯಾಚುಲರುಗಳು, ಪಾಪ, ಒಳ್ಳೆಯ ಹುಡುಗರು. ನಾನು ಮೂರು ಸಲ ಹತ್ತಿ ಹೋಗಿ ಭಾಷಣ ಬಿಗಿದದ್ದಕ್ಕೆ ಆ ಬಚ್ಚಲಿಗೆ ಬೀಗವನ್ನೇ ಹಾಕಿ, ಸ್ನಾನಕ್ಕೆ ಗೆಳೆಯರ ಮನೆಗೆ ನಡೆಯತೊಡಗಿದರು. ಆ ಸೆಕೆಯಲ್ಲಿ ಬಕೆಟ್ಟು ಹಿಡಿದು ರಸ್ತೆ ದಾಟುವ ಅವರನ್ನು ಕಿಟಕಿಯಿಂದ ನೋಡಿ ನನಗೆ ಸಮಾಧಾನವಾಗುತ್ತಿತ್ತು. ಕಲೆ ಮಾತ್ರ ಹಿಟ್ಟು ಕಲಸುವ ಪರಾತದಷ್ಟಾಯಿತು.

ಸುರತ್ಕಲ್ಲಿನ ನಮ್ಮ ಮನೆಯಲ್ಲಿ ಗೋಡೆಗೆ ಪಸೆ ಬಂದರೆ ಅಮ್ಮ ಅದರ ಮೇಲೊಂದು ಕ್ಯಾಲೆಂಡರ್ ತೂಗುಹಾಕುತ್ತಿದ್ದರು. ಕಲೆ ಬೆಳೆದ ವರ್ಷ ದೊಡ್ಡ ಕ್ಯಾಲೆಂಡರ್ ಬರುತ್ತಿತ್ತು. ಆ ಸಂಸ್ಕಾರ ಎಲ್ಲಿ ಹೋದೀತು? ಆಫೀಸಿನ ಶೋರೂಮಿನಲ್ಲಿ ಮಿಕ್ಕಿದ್ದ ಪ್ಲಾಸ್ಟಿಕ್ ವಾಲ್‌ಪೇಪರನ್ನು ಹೊತ್ತು ತಂದು, ಒಂದು ಶುಕ್ರವಾರವಿಡೀ ಬೆವರಿ, ಗೋಡೆಯ ತುಂಬ ಅಂಟಿಸಿದೆ. ನೀಲಿ ಆಕಾಶ, ಬಿಳಿ ಮೋಡ. ಮಗಳು ಕುಣಿದಳು. ಅಂಟು ಬೇಗ ಒಣಗಲೆಂದು ಏಸಿಯನ್ನು ಹದಿನೆಂಟಕ್ಕೆ ಇಳಿಸಿದೆ. ನಾವು ಮೂವರೂ ಮಲಗುವುದು ಅದೇ ಕೋಣೆಯಲ್ಲಿ, ಹದಿನೆಂಟಕ್ಕಿಂತ ಮೇಲಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಎರಡು ವಾರದಲ್ಲಿ ಮಗಳಿಗೆ ಕೆಮ್ಮು ಹತ್ತಿತು. ಹತ್ತಿದ್ದು ಇಳಿಯಲಿಲ್ಲ. ಕ್ಲಿನಿಕ್ಕಿನ ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ, ಮನೆಯಲ್ಲಿ ಬೂಷ್ಟು ಇದೆಯೇ ಎಂದು ವಿಚಾರಿಸಿದರು. ನಾನು ಅದೇ ಫೀಲ್ಡಿನವನೆಂದು ನಗುತ್ತ ಉತ್ತರಿಸಿದೆ. ಹೆಂಡತಿ ಶೈಲಜಾ ನಗಲಿಲ್ಲ. ಮನೆಗೆ ಬಂದವಳೇ, “ನನಗೆ ಈ ಕೋಣೆಯ ವಾಸನೆಯೇ ಆಗುವುದಿಲ್ಲ. ಮಗುವನ್ನು ಊರಿಗೆ ಕರ್ಕೊಂಡು ಹೋಗ್ತೇನೆ. ಶಾಲೆ ಅಲ್ಲಿಯೇ ನೋಡುವ. ನೀವು ಟೀಸಿಗೆ ಅರ್ಜಿ ತನ್ನಿ” ಎಂದಳು. ಅರ್ಜಿಯನ್ನು ಶಾಲೆಯಿಂದ ತಂದೆ, ಆದರೆ ಬ್ಯಾಗಿನಲ್ಲೇ ಅಡಗಿಸಿಟ್ಟೆ. ಬ್ಯಾಚುಲರ್ ಬದುಕು ಹೇಗಿರುತ್ತದೆಂದು ನಾನು ಮೇಲಿನ ಮನೆಯಲ್ಲಿ ಮೂರು ಸಲ ನೋಡಿ ಬಂದಿದ್ದೆನಲ್ಲ.

ಕೊನೆಗೆ ಹಮೀದಾಕರನ್ನು ಕರೆಸಿದೆ. ಉಳ್ಳಾಲದವರು, ದೋಹಾದ ಬಿನ್ ಒಮ್ರಾನ್ ಬಡಾವಣೆಯಲ್ಲಿ ಮೂವತ್ತು ವರ್ಷದಿಂದ ಏಸಿ ರಿಪೇರಿ ಮಾಡುತ್ತಿರುವವರು. ಅವರು ಕೋಣೆಗೆ ಕಾಲಿಟ್ಟು ಮೂಗು ಮುರಿದರು. ಮೋಡದ ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿ ಎಳೆದರು. ಕಾಗದ ಒದ್ದೆ ಚರ್ಮದಂತೆ ಸುಲಿದು ಬಂತು. ಹಿಂದೆ ಗೋಡೆಯುದ್ದಕ್ಕೂ ಕಪ್ಪು ಬೂಷ್ಟು, ಅದರ ಮೇಲೆ ನೀರಿನ ಹನಿ. ಮಗಳ ತಲೆದಿಂಬು ಅಲ್ಲಿಂದ ಒಂದು ಗೇಣು ದೂರದಲ್ಲಿತ್ತು.

“ಎಂತ ಮಾಡಿದ್ದು ಮಾರಾಯ್ರೆ ಇದು? ಪೈಪಿನ ನೀರಲ್ಲ ಇದು, ಹೊರಗಿನ ಗಾಳಿಯದ್ದು” ಎಂದರು ಹಮೀದಾಕ. “ಊರಲ್ಲಿ ನೀರು ಮಳೆಯಾಗಿ ಕಣ್ಣಿಗೆ ಕಂಡು ಬರ್ತದೆ. ಇಲ್ಲಿ ಆವಿಯಾಗಿ ಕಾಣದೆ ಬರುವುದು. ಹೊರಗೆ ಇಡ್ಲಿ ಬೇಯಿಸುವ ಪಾತ್ರೆಯ ಹಾಗೆ ಹಬೆ, ಒಳಗೆ ನೀವು ಫ್ರಿಜ್ ಮಾಡಿ ಇಟ್ಟಿದ್ದೀರಿ. ಹಬೆ ತಂಪಿನ ಕಡೆಗೇ ಬರುವುದಲ್ವಾ? ಈ ಬ್ಲಾಕು, ಈ ಸಾರಣೆ ಅದನ್ನು ತಡೆಯುವುದಿಲ್ಲ. ಖಾಲಿ ಗೋಡೆಯಾದರೆ ಒಂದು ಕಲೆ ಬಿಟ್ಟು, ಉಳಿದದ್ದು ಕೋಣೆಯೊಳಗೆ ಬಂದು ಏಸಿಯಲ್ಲಿ ಒಣಗಿ ಹೋಗ್ತಿತ್ತು. ನೀವು ಪ್ಲಾಸ್ಟಿಕ್ ಅಂಟಿಸಿ ದಾರಿ ಮುಚ್ಚಿದಿರಿ. ಅದು ಎಲ್ಲಿಗೆ ಹೋಗಬೇಕು ಹೇಳಿ? ಇದೆಲ್ಲ ನಿಮ್ಮ ಕಂಪನಿಯ ಪುಸ್ತಕದಲ್ಲಿ ಉಂಟಲ್ಲ.”

ಉಂಟು. ನಾಲ್ಕನೆಯ ಪುಟದಲ್ಲಿ. ಗಿರಾಕಿಗಳಿಗೆ ಫೋನಿನಲ್ಲಿ ಓದಿ ಹೇಳುವವನೂ ನಾನೇ.

ಆ ಸಂಜೆ ಕಾಗದವನ್ನೆಲ್ಲ ಕಿತ್ತೆ, ಏಸಿಯನ್ನು ಇಪ್ಪತ್ತೈದಕ್ಕೆ ಏರಿಸಿದೆ, ಮೇಲಿನ ಹುಡುಗರಲ್ಲಿ ಕ್ಷಮೆ ಕೇಳಿ ಬಂದೆ. ಅವರು ಬೀಗ ತೆಗೆದು ಬಚ್ಚಲಿಗೆ ಓಡಿದರು. ಇನ್ನು ಹೋಗುವುದು ಬೇಡವಲ್ಲ ಎಂದು ಶೈಲಜಾಳ ಮುಖ ನೋಡಿದೆ. ಒಳಗಿನಿಂದ ಮಗಳ ಕೆಮ್ಮು ಕೇಳಿಸಿತು. ಹತ್ತು ದಿನದಿಂದ ಅಡಗಿಸಿಟ್ಟಿದ್ದ ಟೀಸಿ ಅರ್ಜಿಯನ್ನು ಅವಳು ನನ್ನ ಬ್ಯಾಗಿನಿಂದ ತಾನೇ ತೆಗೆದು ಮೇಜಿನ ಮೇಲಿಟ್ಟಳು.

“ನೀವೇ ತುಂಬಿಸಿ. ನಿಮ್ಮ ಅಕ್ಷರ ಚಂದ ಉಂಟಲ್ಲ.”

ಮಗುವಿನ ಹೆಸರು ಬರೆದೆ, ತರಗತಿ ಬರೆದೆ. ಅದರ ಕೆಳಗೆ ‘ಶಾಲೆ ಬಿಡಲು ಕಾರಣ’ ಎಂದಿತ್ತು. ಕಣ್ಣು ಮಂಜಾಗಿತ್ತು, ಆದರೆ ಹನ್ನೊಂದು ವರ್ಷ ಪಳಗಿದ ಕೈ ಯಾರನ್ನೂ ಕೇಳದೆ ಮುತ್ತಿನಂಥ ಅಕ್ಷರದಲ್ಲಿ ‘ಕಸ್ಟಮರ್ ಫಾಲ್ಟ್’ ಎಂದು ಬರೆದುಬಿಟ್ಟಿತು. ಹೊಡೆದುಹಾಕಲು ಹೋದೆ. ಶೈಲಜಾ ಬಗ್ಗಿ ಓದಿದಳು.

“ಇರಲಿ,” ಎಂದಳು, “ಸರಿಯಾಗಿಯೇ ಉಂಟು.”